ರಾಣಿಯ ಗಂಟಲಲ್ಲಿ ಏನಿತ್ತು

ಅಡುಗೆಮನೆಯ ಕೊನೆಯ ಡ್ರಾಯರು ಎಲ್ಲರ ಮನೆಯಲ್ಲೂ ಒಂದೇ ಥರ ಇರುತ್ತದೆ ಎಂದು ನನ್ನ ನಂಬಿಕೆ. ತುಕ್ಕು ಹಿಡಿದ ಸ್ಕ್ರೂಡ್ರೈವರು, ಯಾವ ಬೀಗಕ್ಕೂ ಹೊಂದದ ಕೀಲಿಕೈ, ಯಾರದೋ ಹುಟ್ಟುಹಬ್ಬದಲ್ಲಿ ಅರ್ಧ ಉರಿದ ಮೇಣದಬತ್ತಿ. ಮೊನ್ನೆ ಸಂಜೆ ಇಂದಿರಾನಗರದಲ್ಲಿ ಕರೆಂಟು ಹೋಗಿ, ಅಪಾರ್ಟ್‌ಮೆಂಟಿನ ಜನರೇಟರೂ ಕೈಕೊಟ್ಟಾಗ ಆ ಮೇಣದಬತ್ತಿಗಾಗಿ ಡ್ರಾಯರಿನೊಳಗೆ ತಡಕಾಡಿದೆ. ಸಿಕ್ಕಿದ್ದು ಎಲಾಸ್ಟಿಕ್ ಪಟ್ಟಿಯ ಒಂದು ಪುಟ್ಟ ದೀಪ. ಬೆಟ್ಟ ಹತ್ತುವವರು, ಗಣಿಗೆ ಇಳಿಯುವವರು ತಲೆಗೆ ಕಟ್ಟಿಕೊಳ್ಳುತ್ತಾರಲ್ಲ, ಅಂಥದ್ದು. ಕಟ್ಟಿಕೊಂಡು ಗುಂಡಿ ಒತ್ತಿದರೆ ಹತ್ತಿಯೇಬಿಟ್ಟಿತು. ಆ ಬೆಳಕಿನಲ್ಲೇ ಸಾರು ಕುದಿಯಲು ಇಟ್ಟೆ. ನನ್ನ ಗಂಡ ಬಾಗಿಲಿಗೆ ಬಂದು, ಕೋಲಾರದ ಗಣಿ ಮತ್ತೆ ತೆರೆದರಾ ಎಂದು ಕೇಳಿದ. ನಗಬೇಕಾದ ಮಾತು. ಆದರೆ ಸಾರು ಉಕ್ಕಿ ಬರುತ್ತಿತ್ತು. ಗುಂಡನೆಯ ಬಿಳಿ ಬೆಳಕಿನ ನಡುವೆ ನನಗೆ ಬರೀ ನೊರೆ ಕಂಡಿತು. ಒಲೆ ಆರಿಸಿ ಕತ್ತಲಲ್ಲೇ ಕೂತೆ.

ಆ ದೀಪ ಹೆಲೆನ್‌ಳದು. ಅವಳು ನ್ಯೂಜಿಲ್ಯಾಂಡಿನವಳು, ಐವತ್ತು ದಾಟಿದ ಪಶುವೈದ್ಯೆ. ರಿಚರ್ಡ್ಸ್ ಟೌನಿನ ಹಳೆಯ ಬಂಗಲೆಯೊಂದರಲ್ಲಿ ದಾನಿಗಳ ದುಡ್ಡಿನಿಂದ ನಡೆಯುವ ಪ್ರಾಣಿಗಳ ಆಸ್ಪತ್ರೆಯಿದೆ. ಅಲ್ಲಿಗೆ ಬೇರೆ ಬೇರೆ ದೇಶಗಳ ಪಶುವೈದ್ಯರು ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಬಂದು ಕೆಲವು ವಾರ ಪುಕ್ಕಟೆ ದುಡಿದು ಹೋಗುತ್ತಾರೆ. ಇದನ್ನು ನನ್ನ ಆಫೀಸಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಯಾಕೆ ಗುರು, ಅವರ ದೇಶದಲ್ಲಿ ದನ ಇಲ್ವಾ ಎನ್ನುತ್ತಿದ್ದರು. ಹೆಲೆನ್‌ಳ ದೇಶದಲ್ಲಿ ಜನರಿಗಿಂತ ದನಗಳೇ ಹೆಚ್ಚು ಎಂದರೆ ಇನ್ನೂ ಗೊಂದಲ.

ನಾನು ಅಲ್ಲಿ ಸೇರಿಕೊಂಡದ್ದು ಸೇವಾಮನೋಭಾವದಿಂದ ಎಂದು ಬರೆದರೆ ನನ್ನನ್ನು ಬಲ್ಲವರು ನಗುತ್ತಾರೆ. ನಮ್ಮ ಬೆಕ್ಕಿಗೆ ಕಿವಿ ಹುಣ್ಣಾಗಿತ್ತು, ಕರೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ಹಲಸೂರಿನ ಅಜ್ಜಿಯೊಬ್ಬಳು ತನ್ನ ಮೇಕೆಯ ಕಷ್ಟವನ್ನು ತಮಿಳು ಕನ್ನಡ ಬೆರೆಸಿ ಹೇಳುತ್ತಿದ್ದಳು, ಎದುರಿಗೆ ಕೂತಿದ್ದ ಬಿಳಿಯ ಡಾಕ್ಟರೊಬ್ಬ ಸುಮ್ಮನೆ ತಲೆಯಾಡಿಸುತ್ತಿದ್ದ. ನಡುವೆ ಬಾಯಿ ಹಾಕಿದೆ. ಅಷ್ಟೇ, ಮರುವಾರದಿಂದ ಶನಿವಾರದ ದುಭಾಷಿಯಾದೆ. ಹೆಸರು ದೊಡ್ಡದು, ಕೆಲಸವೆಂದರೆ ಸಗಣಿ ಗಟ್ಟಿಯೋ ನೀರೋ ಎಂದು ಕೇಳಿ ಇಂಗ್ಲಿಷಿನಲ್ಲಿ ಹೇಳುವುದು, ಬಕೆಟ್ಟು ಹಿಡಿಯುವುದು.

ನಮ್ಮ ಸೋದರತ್ತೆ ಇದನ್ನು ನೋಡಿದ್ದರೆ ಏನನ್ನುತ್ತಿದ್ದಳೋ. ದಾವಣಗೆರೆಯಲ್ಲಿ ನಾವಿದ್ದ ಬೀದಿಯ ತುದಿಗೆ ದನದ ಆಸ್ಪತ್ರೆ. ಬೇಸಿಗೆ ರಜೆಯಲ್ಲಿ ನಮಗೆ ಅದೇ ಸಿನಿಮಾ. ಕಬ್ಬಿಣದ ಕಟಕಟೆಯೊಳಗೆ ಎಮ್ಮೆ ನಿಲ್ಲಿಸಿ ಬಿದಿರಿನ ಗೊಟ್ಟದಲ್ಲಿ ಔಷಧ ಹುಯ್ಯುತ್ತಿದ್ದರು. ಎಮ್ಮೆ ಅದನ್ನು ಡಾಕ್ಟರ ಅಂಗಿಯ ಮೇಲೆ ಸಮನಾಗಿ ಹಂಚುತ್ತಿತ್ತು. ಮುಂದೆ ನನಗೊಬ್ಬ ಪಶುವೈದ್ಯರ ಸಂಬಂಧ ಬಂದಾಗ ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದಳು: "ದನ ಮುಟ್ಟಿದ ಕೈಲಿ ತಾಳಿ ಕಟ್ಟಿಸ್ಕಂತೀಯೇನೇ?" ಹಾಗೆ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದು, ಎ.ಸಿ. ಆಫೀಸಿನಲ್ಲಿ ಕೂತು, ಕೊನೆಗೆ ಶನಿವಾರಗಳಂದು ಬೇರೆ ಯಾವುದೋ ದೇಶದ ದನದ ಡಾಕ್ಟರ ಹಿಂದೆ ಬಕೆಟ್ಟು ಹಿಡಿದು ತಿರುಗಿದೆ.

ಹೆಲೆನ್‌ಳ ಕೈಗಳ ಬಗ್ಗೆ ಹೇಳಬೇಕು. ದೊಡ್ಡ ಕೈಗಳು, ಮೊಣಕೈವರೆಗೂ ಕೆಂಪು, ಹಳೆಯ ಗೀರುಗಳು. ಒಮ್ಮೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವಳಿಗೆ ಬಳೆ ಹಾಕಿಸಲು ಹೋಗಿ ಅಂಗಡಿಯವನೇ ಸೋತು, "ಇದು ಗಂಡಸರ ಸೈಜು ಮೇಡಮ್" ಎಂದಿದ್ದ. ನಾನು ಅದನ್ನು ಅನುವಾದಿಸಲಿಲ್ಲ. ಅವಳಿಗೆ ಅರ್ಥವಾಗಿ ಜೋರಾಗಿ ನಕ್ಕಳು. ಆ ಕೈಯಿಂದ ಅವಳು ತನ್ನೂರಿನ ಹಸುಗಳ ಗಂಟಲಿನಿಂದ ಲೆಕ್ಕವಿಲ್ಲದಷ್ಟು ಸೇಬು, ಗೆಡ್ಡೆ ತೆಗೆದಿದ್ದಳಂತೆ. ತೋಟಕ್ಕೆ ನುಗ್ಗುವ ಹಸು ಸೇಬನ್ನು ಅಗಿಯದೆ ನುಂಗುತ್ತದೆ, ಅದು ಗಂಟಲಲ್ಲಿ ಕೂರುತ್ತದೆ, ಜೊಲ್ಲು ಸುರಿಯುತ್ತದೆ, ಮೇವು ನೀರು ಇಳಿಯುವುದಿಲ್ಲ. ಆಗ ಒಬ್ಬರು ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿಯಬೇಕು, ಡಾಕ್ಟರು ಕೈ ಹಾಕಿ ತೆಗೆಯಬೇಕು. ಹೆಲೆನ್ ಅದಕ್ಕೆ ಗ್ಲೌಸ್ ಹಾಕುತ್ತಿರಲಿಲ್ಲ. ರಬ್ಬರಿನೊಳಗಿನ ಬೆರಳಿಗೆ ಕಣ್ಣಿರುವುದಿಲ್ಲ ಎನ್ನುತ್ತಿದ್ದಳು. ತಲೆಗೆ ದೀಪ ಮಾತ್ರ ಯಾವಾಗಲೂ, ಹಾಡಹಗಲಲ್ಲೂ.

ನಮ್ಮೂರಿನ ಹಸುಗಳಿಗೆ ಸೇಬಿನ ಭಾಗ್ಯವಿಲ್ಲ. ಅವಳು ಬಂದ ಮೊದಲ ವಾರವೇ ಶಿವಾಜಿನಗರದ ಕಡೆಯ ಒಂದು ಹಸುವಿನ ಹೊಟ್ಟೆ ಕೊಯ್ದಾಗ ಬಂದದ್ದು ಪ್ಲಾಸ್ಟಿಕ್ ಕವರುಗಳ ಮುದ್ದೆ, ಮಗುವಿನ ಒಂದು ಕಾಲುಚೀಲ, ಫೋನಿನ ಚಾರ್ಜರ್ ವೈರು. ಹೆಲೆನ್ ಅದನ್ನು ಟ್ರೇಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿದ್ದಳು. ಅಂದಿನಿಂದ ಊಟ ಬಿಟ್ಟ ಹಸು ಎಂದರೆ ಪ್ಲಾಸ್ಟಿಕ್ಕು, ಜೊಲ್ಲು ಸುರಿಸುವ ಹಸು ಎಂದರೆ ಗಂಟಲಲ್ಲಿ ಪ್ಲಾಸ್ಟಿಕ್ಕು. ನಮಗೆಲ್ಲ ಅದು ಬಾಯಿಪಾಠವಾಗಿಬಿಟ್ಟಿತ್ತು.

ಆ ಶನಿವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿಯ ಹಿಂದಿನ ಒಂದು ಹಳ್ಳಿಯಿಂದ ಫೋನು ಬಂತು. ಹಳ್ಳಿ ಎನ್ನುವುದು ಈಗ ಬಸ್ಸಿನ ಬೋರ್ಡಿನಲ್ಲಿ ಮಾತ್ರ. ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲೆಲ್ಲ ಪಿ.ಜಿ. ಕಟ್ಟಡಗಳು. ಅಂಥದೊಂದರ ಒಡತಿ ಲಕ್ಷ್ಮಮ್ಮ. ಮೇಲಿನ ಮಹಡಿಗಳಲ್ಲಿ ಕೆಲಸಕ್ಕೆ ಹೋಗುವ ಹುಡುಗರು, ಕೆಳಗೆ ಪಾರ್ಕಿಂಗು. ಅಲ್ಲಿ ಸಾಲಾಗಿ ನಿಂತ ಬೈಕುಗಳ ಕೊನೆಗೆ, ಕಂಬಕ್ಕೆ ಕಟ್ಟಿದ ಕಪ್ಪುಬಿಳಿ ಸೀಮೆಹಸು. ಹೆಸರು ರಾಣಿ. ಹಸು ಮಾರಿಬಿಡು, ಅಲ್ಲಿ ಇನ್ನೆರಡು ಕಾರು ನಿಲ್ಲುತ್ತವೆ ಎಂದು ಮಗ ಶ್ರೀನಿವಾಸ ವರ್ಷಗಳಿಂದ ಹೇಳುತ್ತಿದ್ದನಂತೆ. ಕಾರು ಹಾಲು ಕೊಡುತ್ತಾ ಎಂದು ಲಕ್ಷ್ಮಮ್ಮ ವರ್ಷಗಳಿಂದ ಕೇಳುತ್ತಿದ್ದರಂತೆ.

ನಮ್ಮ ಜೀಪು ನಿಂತ ಕೂಡಲೇ ಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಏನೋ ನುಂಗ್ಬಿಟ್ಟವ್ಳೆ ತಾಯಿ. ಗಂಟ್ಲಲ್ಲಿ ಸಿಕ್ಕಾಕೊಂಡೈತೆ." ಎರಡು ದಿನದಿಂದ ಮೇವು ಮುಟ್ಟಿಲ್ಲ, ಬಾಳೆಹಣ್ಣಿಗೆ ಬೆಲ್ಲ ಸೇರಿಸಿ ತಾವೇ ಬಾಯೊಳಗೆ ತುರುಕಿ ನೋಡಿದ್ದಾರೆ, ಅದೂ ಆಚೆ ಬರುತ್ತಿದೆ. ಜೀಪಿನ ಡ್ರೈವರು ಆರೋಗ್ಯಸ್ವಾಮಿ, ಹಲಸೂರಿನವನು, ಮಾತಿಗೆ ಮೊದಲಿಗ. ಅವನು ರಾಣಿಯನ್ನು ದೂರದಿಂದ ನೋಡಿಯೇ, "ಪ್ಲಾಸ್ಟಿಕ್ಕೇ ಮೇಡಮ್, ಡೌಟೇ ಇಲ್ಲ. ಬೆಂಗ್ಳೂರ್ ಹಸು ಹೊಟ್ಟೇಲಿ ಒಂದ್ ಕಮರ್ಷಿಯಲ್ ಸ್ಟ್ರೀಟೇ ಇರತ್ತೆ" ಎಂದ. ನಾನು ಅನುವಾದಿಸಿದೆ. ಹೆಲೆನ್ ನಗುತ್ತ ತಲೆಗೆ ದೀಪ ಕಟ್ಟಿಕೊಂಡಳು. ನಾವೆಲ್ಲ ನಗುತ್ತಲೇ ಕೆಲಸಕ್ಕೆ ಇಳಿದೆವು. ಅದು ನನಗೆ ಈಗಲೂ ನುಂಗಲಾಗದ ಸಂಗತಿ.

ಶ್ರೀನಿವಾಸ ಮೂಗುದಾರ ಹಿಡಿದ. ನಾಲಿಗೆ ಹಿಡಿಯಲು ಲಕ್ಷ್ಮಮ್ಮನೇ ಮುಂದೆ ಬಂದರು, ತಮ್ಮ ಕೈಯಾದರೆ ರಾಣಿ ಹೆದರುವುದಿಲ್ಲ ಎಂದು. ನಾನು ಎದುರಿಗೆ ಮಂಡಿಯೂರಿ ಬಕೆಟ್ಟು ಹಿಡಿದಿದ್ದೆ. ಹೆಲೆನ್‌ಳ ಕೈ ಮೊಣಕೈವರೆಗೆ ಒಳಗೆ ಹೋಯಿತು. ಅವಳ ಮುಖ ದೂರದ ಹಾಡು ಕೇಳುವವರ ಮುಖದಂತೆ ಆಯಿತು. ಸ್ವಲ್ಪ ಹೊತ್ತಿಗೆ, ಏನೂ ಇಲ್ಲವಲ್ಲ, ಖಾಲಿ ಇದೆ ಎಂದಳು. ಕೈ ಹೊರಳಿಸಿ ಇನ್ನೊಮ್ಮೆ ಒಳಗೆ ತಳ್ಳಿದಳು. ರಾಣಿ ತಲೆ ಕೊಡವಿದಳು. ನೊರೆ ಹಾರಿ ನನ್ನ ಕಣ್ಣಿಗೆ, ತುಟಿಗೆ ಬಿತ್ತು. ಅದೇ ಹೊತ್ತಿಗೆ ಲಕ್ಷ್ಮಮ್ಮನ ಬೆರಳು ದವಡೆಹಲ್ಲಿಗೆ ಸಿಕ್ಕಿತು. ಕೈ ಬಿಡಿಸಿಕೊಂಡು, ರಕ್ತ ಬರುತ್ತಿದ್ದ ಬೆರಳನ್ನು ಅವರು ತಟ್ಟನೆ ತಮ್ಮ ಬಾಯೊಳಗೆ ಇಟ್ಟುಕೊಂಡು ಚೀಪಿದರು. ಈಳಿಗೆ ತಾಗಿದಾಗ ನೀವೂ ನಾನೂ ಮಾಡುತ್ತೇವಲ್ಲ, ಹಾಗೆ.

ಆಗ ರಾಣಿ ಕೂಗಿದಳು. ನಾನು ಎಷ್ಟೋ ದನಗಳ ಕೂಗು ಕೇಳಿದ್ದೇನೆ. ಇದು ಅದಲ್ಲ. ಗಂಟಲು ಹರಿದುಹೋದ ಮನುಷ್ಯರು ದೂರದಲ್ಲಿ ಯಾರನ್ನೋ ಕರೆದಂತಿತ್ತು. ಹೆಲೆನ್ ಕೈ ಹೊರಗೆ ತೆಗೆದು ಎದ್ದು ನಿಂತಳು. ರಾಣಿಯ ಹಿಂಗಾಲುಗಳು ಒಂದರ ಮೇಲೊಂದು ತೊಡರುತ್ತಿದ್ದವು. ಅದನ್ನು ನೋಡುತ್ತಲೇ, ಇದಕ್ಕೆ ಈಚೆಗೆ ನಾಯಿ ಕಚ್ಚಿತ್ತಾ ಕೇಳು ಎಂದಳು ನನಗೆ. ಕೇಳಿದೆ, ಸಗಣಿಯ ವಿಷಯ ಕೇಳುವಷ್ಟೇ ಸಲೀಸಾಗಿ.

"ಕಚ್ಚೋದೇನು, ಮೂತಿಗೆ ಒಂದ್ ಕಿತ ಬಾಯಿ ಹಾಕ್ತು, ಬೀದಿನಾಯಿ," ಎಂದರು ಲಕ್ಷ್ಮಮ್ಮ. "ಹಬ್ಬಕ್ಕೆ ಮುಂಚೆ. ಅರಿಶಿನ ಮೆತ್ತಿದ್ದೆ, ಒಣಗೋಯ್ತು."

ಅನುವಾದ ಮಾಡುವವರಿಗೆ ಒಂದು ದುರಭ್ಯಾಸವಿದೆ. ಮಾತು ಈ ಕಿವಿಯಿಂದ ಬಂದು ಬಾಯಿಂದ ಹೋಗುತ್ತಿರುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ನಾನು ನಾಯಿ, ಮೂತಿ, ಅರಿಶಿನ ಎಲ್ಲವನ್ನೂ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ತುಟಿಯ ಮೇಲೆ ಇನ್ನೂ ಒದ್ದೆಯಿತ್ತು.

ಹೆಲೆನ್ ಎರಡೂ ಕೈ ಚಾಚಿ ನಮ್ಮನ್ನೆಲ್ಲ ಹಸುವಿನಿಂದ ಹಿಂದಕ್ಕೆ ಸರಿಸಿದಳು. ಅವಳ ಬಾಯಿಂದ ಬಂದದ್ದು ಒಂದೇ ಮಾತು, ಸೋಪು. ಪಾರ್ಕಿಂಗಿನ ಮೂಲೆಯಲ್ಲಿ ಒಂದು ನಲ್ಲಿ, ಅದರ ಮೇಲೆ ಬಟ್ಟೆ ಒಗೆಯುವ ನೀಲಿ ಸೋಪು. ಲಕ್ಷ್ಮಮ್ಮನ ಬೆರಳನ್ನು ಅವಳೇ ಹಿಡಿದು ಉಜ್ಜತೊಡಗಿದಳು. ನಂತರ ನನ್ನ ಕಣ್ಣು, ಮುಖ. ನಂತರ ಶ್ರೀನಿವಾಸನ ಅಂಗೈ. ಕೊನೆಗೆ ತನ್ನ ತೋಳು. ಸಾಕು ಎಂದು ಅವಳು ಹೇಳುವವರೆಗೆ ಯಾರೂ ನಿಲ್ಲಿಸುವಂತಿರಲಿಲ್ಲ, ಅವಳು ಹೇಳುತ್ತಲೇ ಇರಲಿಲ್ಲ. ಮೇಲಿನ ಬಾಲ್ಕನಿಯಿಂದ ಪಿ.ಜಿ. ಹುಡುಗರು ಫೋನು ಚಾಚಿ ವಿಡಿಯೊ ಮಾಡುತ್ತಿದ್ದರು. ಆಂಟಿ, ಹೋಳಿನಾ ಎಂದು ಒಬ್ಬ ಕೇಳಿದ. ಆರೋಗ್ಯಸ್ವಾಮಿ ಜೀಪಿನ ಪಕ್ಕ ನಿಂತಿದ್ದ. ಆಗಲೇ ಬಾಗಿಲು ತೆರೆದು ಇಂಜಿನ್ ಚಾಲೂ ಮಾಡಿದ್ದ.

ನಮ್ಮೂರಿನ ಯಾವ ಪಶುವೈದ್ಯರಾದರೂ ಜೊಲ್ಲು ಸುರಿಸುವ ಹಸುವನ್ನು ಕಂಡರೆ ಮೊದಲು ದೂರ ನಿಂತು ನಾಯಿಯ ವಿಷಯ ಕೇಳುತ್ತಿದ್ದರು. ಹೆಲೆನ್‌ಳ ದೇಶಕ್ಕೆ ಹುಚ್ಚುನಾಯಿಯಿಂದ ಬರುವ ಈ ಹುಚ್ಚುರೋಗ, ರೇಬೀಸ್, ಕಾಲಿಟ್ಟೇ ಇಲ್ಲ. ಅವಳು ಅದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು, ಅದರ ಕೂಗನ್ನು ಎಂದೂ ಕೇಳಿರಲಿಲ್ಲ. ಅವಳ ಊರಿನ ಸೇಬು, ನಮ್ಮೂರಿನ ಪ್ಲಾಸ್ಟಿಕ್ಕು, ಎರಡೂ ಸೇರಿ ಆ ಕೈಯನ್ನು ಒಳಗೆ ತಳ್ಳಿದ್ದವು.

ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿ ನಾಯಿ ಕಚ್ಚಿದವರ ಸಾಲು ಉದ್ದಕ್ಕಿತ್ತು. ಡಾಕ್ಟರು ತಲೆಯೆತ್ತದೆ, ನಾಯಿನಾ ಎಂದರು. ಹಸು ಎಂದೆ. ಹಸು ಕಚ್ಚಿತಾ ಎಂದರು. ಇಲ್ಲ, ನಾವೇ ಬಾಯೊಳಗೆ ಕೈ ಹಾಕಿದ್ವಿ ಎಂದೆ. ಅವರು ಆಗ ತಲೆಯೆತ್ತಿ, ನಮ್ಮ ಸಾಲಿನಲ್ಲಿದ್ದ ಬಿಳಿಯ ಹೆಂಗಸನ್ನು ಮೇಲಿಂದ ಕೆಳಗೆ ನೋಡಿದರು. ಹೆಲೆನ್‌ಗೆ ವಿಮಾನ ಹತ್ತುವ ಮೊದಲೇ ರಕ್ಷಣೆಯ ಚುಚ್ಚುಮದ್ದು ಹಾಕಿಸಿದ್ದರು. ಅವಳಿಗೆ ಈಗ ಒಂದೆರಡು ಸೂಜಿಗೇ ಮುಗಿಯುತ್ತಿತ್ತು, ನಮಗೆ ತಿಂಗಳುದ್ದಕ್ಕೂ. ಇದು ಅವಳನ್ನು ಇನ್ನಷ್ಟು ಕುಗ್ಗಿಸಿತು. ದುಭಾಷಿಗೂ ಮೊದಲೇ ಸೂಜಿ ಹಾಕಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ನನಗೂ. ದನದ ಬಾಯಿಯ ವ್ಯವಹಾರದಲ್ಲಿ ನನ್ನದು ಬರೀ ಬಾಯಿಯ ಕೆಲಸ ಎಂದುಕೊಂಡಿದ್ದೆ.

ಹುಚ್ಚುನಾಯಿ ಎಂದರೆ ನಮ್ಮ ತಲೆಮಾರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಬಸಣ್ಣ ಅದನ್ನು ಹಾಕಿಸಿಕೊಂಡಿದ್ದ. ದಿನಾ ಸಂಜೆ ಅಂಗಿ ಎತ್ತಿ ಹೊಟ್ಟೆ ತೋರಿಸಲು ಒಂದು ಪೆಪ್ಪರ್‌ಮೆಂಟು ವಸೂಲಿ ಮಾಡುತ್ತಿದ್ದ, ನಾವು ಕೊಡುತ್ತಿದ್ದೆವು. ಲಕ್ಷ್ಮಮ್ಮನ ಅಣ್ಣನಿಗೂ ಹಾಗೆ ಹಾಕಿದ್ದರಂತೆ. ಅವರು ಬೆಂಚಿನ ಮೇಲೆ ಸೆರಗಿನಿಂದ ಹೊಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡು ಕೂತಿದ್ದರು. ಈಗ ಹೊಟ್ಟೆಗೆ ಹಾಕುವುದಿಲ್ಲ, ತೋಳಿಗೆ, ಸೊಳ್ಳೆ ಕಚ್ಚಿದಂತೆ ಎಂದು ಎಷ್ಟು ಹೇಳಿದರೂ ಸೆರಗು ಸಡಿಲಿಸಲಿಲ್ಲ. ತೋಳಿನದು ನಿಜಕ್ಕೂ ಸೊಳ್ಳೆ. ಆದರೆ ಗಾಯವಾದ ಬೆರಳಿನ ಸುತ್ತಲೇ ಇನ್ನೊಂದು ಔಷಧ ಚುಚ್ಚಬೇಕಿತ್ತು, ಅದನ್ನು ನೋಡಲಾರದೆ ನಾನು ಗೋಡೆಯ ಕಡೆ ತಿರುಗಿದೆ. ಅವರು ಚೀರಲಿಲ್ಲ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದರು, "ರಾಣಿಗೆ ಯಾವಾಗ ಹಾಕ್ತಾರೆ ಇದು?"

ಅದನ್ನು ನಾನು ಇಂಗ್ಲಿಷಿಗೆ ತರಬೇಕಾಗಲಿಲ್ಲ. ಹೆಲೆನ್ ಹೊರಗೆ ಎದ್ದು ಹೋದಳು.

ರೋಗ ಕಾಣಿಸಿಕೊಂಡ ಮೇಲೆ ಹಸುವಿಗೂ ಮನುಷ್ಯರಿಗೂ ಔಷಧ ಇಲ್ಲ. ರಾಣಿಯನ್ನು ಪಕ್ಕದ ಖಾಲಿ ಸೈಟಿನಲ್ಲಿ ಕಟ್ಟಿ ಸುತ್ತ ತಗಡು ನಿಲ್ಲಿಸಿದರು. ಅವಳ ಕೂಗಿಗೆ ಪಿ.ಜಿ. ಹುಡುಗರು ಗಂಟು ಕಟ್ಟಿ ಸ್ನೇಹಿತರ ಮನೆಗೆ ಹೊರಟರು. ವಿಡಿಯೊ ಮಾಡಿದವನೇ ಮೊದಲು. ಹಾಲು ಕೊಂಡಿದ್ದವರ ಮನೆಮನೆಗೆ ಹೋಗಿ, ಕಾಯಿಸಿ ಕುಡಿದಿದ್ದರೆ ಭಯವಿಲ್ಲ, ಹಸಿಹಾಲು ಕುಡಿದವರಿದ್ದರೆ ಆಸ್ಪತ್ರೆಗೆ ಹೋಗಿ ಎಂದು ನಾನು ಹೇಳಿಬಂದೆ. ಕೆಲವರು ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ರಾಣಿ ಬಿದ್ದ ಮಧ್ಯಾಹ್ನ ಲಕ್ಷ್ಮಮ್ಮ ಅರಿಶಿನ ಕುಂಕುಮ, ಒಂದು ಚೊಂಬು ನೀರು ಹಿಡಿದು ತಗಡಿನ ಹತ್ತಿರ ಬಂದರು. ಹೆಲೆನ್ ಅಡ್ಡ ನಿಂತಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಾನು ಮಾತಾಡಬೇಕಿತ್ತು, ಆಡಲಿಲ್ಲ. ಕೊನೆಗೆ ಲಕ್ಷ್ಮಮ್ಮ ಚೊಂಬನ್ನು ಅಲ್ಲೇ ನೆಲಕ್ಕಿಟ್ಟು, ಕುಂಕುಮವನ್ನು ತಗಡಿಗೆ ಹಚ್ಚಿ ಹೋದರು. ರಾಣಿ ಸತ್ತ ಮೇಲೆ ಮೆದುಳನ್ನು ಪರೀಕ್ಷೆಗೆ ಕಳಿಸಿದರು, ಹುಚ್ಚುರೋಗ ಹೌದು ಎಂದೇ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸಾರು ಕುದಿಯುವಾಗ ಒಲೆ ಆರಿಸುವವಳಾಗುತ್ತಿರಲಿಲ್ಲವೇನೋ. ಶ್ರೀನಿವಾಸನೂ ನಾನೂ ಎಲ್ಲ ಸೂಜಿಗಳನ್ನೂ ಹಾಕಿಸಿಕೊಂಡೆವು. ಲಕ್ಷ್ಮಮ್ಮ ಎರಡಕ್ಕೇ ನಿಲ್ಲಿಸಿದರು. ಹೊಸಕೋಟೆ ಕಡೆಯಿಂದ ಅವರ ತಮ್ಮ ಬಂದು, ನಾಯಿ ಕಡಿತಕ್ಕೆ ಸೊಪ್ಪಿನ ಔಷಧ ಕೊಡುವವರ ಹತ್ತಿರ ಕರೆದುಕೊಂಡು ಹೋಗಿದ್ದ. ಬದನೆಕಾಯಿ, ಕುಂಬಳಕಾಯಿ ಮುಟ್ಟಬಾರದು, ಸಾವಿನ ಮನೆಗೆ ಹೋಗಬಾರದು, ಸೂಜಿ ಹಾಕಿಸಿದರೆ ಸೊಪ್ಪಿನ ಗುಣ ಮುರಿದುಹೋಗುತ್ತದೆ ಎಂದು ಹೇಳಿ ಕಳಿಸಿದ್ದರು. ಲಕ್ಷ್ಮಮ್ಮ ಪಥ್ಯವನ್ನು ಕಟ್ಟುನಿಟ್ಟಾಗಿ ಹಿಡಿದಿದ್ದರು. ಮಗ ಕೂಗಾಡಿ ನೋಡಿದ. ಹೆಲೆನ್ ರಜೆ ಮುಗಿದು ಹೊರಡುವ ಹಿಂದಿನ ದಿನ ಬಂದು, ತನ್ನ ತೋಳು ತೋರಿಸಿ, ನಾನೂ ಹಾಕಿಸಿಕೊಂಡಿದ್ದೇನೆ ನೋಡಿ ಎಂದಳು. ನಾನು ಅದನ್ನು ನನಗೆ ಗೊತ್ತಿರುವ ಎಲ್ಲ ಬಗೆಯ ಕನ್ನಡದಲ್ಲೂ ಹೇಳಿದೆ. ಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡು, ನಿನ್ನ ತಪ್ಪಲ್ಲ ಕಣಮ್ಮ, ಅವಳ ಆಯಸ್ಸು ಅಷ್ಟೇ ಎಂದು ಸಮಾಧಾನ ಹೇಳಿದರು. ಸೂಜಿಯ ಮಾತು ಮತ್ತೆ ಬಂದಾಗ ಕಾಫಿ ಇಡಲು ಎದ್ದು ಒಳಗೆ ಹೋದರು. ಹೋಗುವಾಗ ಹೆಲೆನ್ ನನ್ನ ಕೈಗೆ ದೀಪ ತುರುಕಿ, ಇದನ್ನು ಮತ್ತೆ ಕಟ್ಟಿಕೊಳ್ಳಲು ಆಗುವುದಿಲ್ಲ ಎಂದಳು. ಈಗ ವಾರಕ್ಕೊಂದು ಮೆಸೇಜು ಕಳಿಸುತ್ತಾಳೆ. ಒಂದೇ ಪ್ರಶ್ನೆ. ನಾನು ಒಂದೇ ಉತ್ತರ ಕಳಿಸುತ್ತೇನೆ: ಚೆನ್ನಾಗಿದ್ದಾರೆ, ಇನ್ನೂ ಒಪ್ಪಿಲ್ಲ.

ಆಸ್ಪತ್ರೆಯ ಡಾಕ್ಟರು ನನಗೆ ಹೇಳಿದ್ದು ಇಷ್ಟು. ತಡವಾದರೂ ಕರೆದುಕೊಂಡು ಬನ್ನಿ. ಮೊದಲ ದಿನ ಗಾಯಕ್ಕೆ ಕೊಟ್ಟದ್ದು, ತೋಳಿಗೆ ಹಾಕಿದ ಆ ಎರಡು ಸೂಜಿ, ಅವು ಕೆಲಸ ಮಾಡಿರಬಹುದು, ಮಾಡಿಲ್ಲದೆ ಇರಬಹುದು. ಈ ರೋಗ ಮೈಯೊಳಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಮೇಲೆದ್ದ ದಿನ ಮೊದಲು ಕೈಕೊಡುವುದು ಗಂಟಲು. ನೀರು ಕಂಡರೆ ಕೊರಳು ಸೆಳೆದುಕೊಳ್ಳುತ್ತದೆ. ಆಮೇಲೆ ಯಾರ ಕೈಲೂ ಏನೂ ಇರುವುದಿಲ್ಲ.

ಹಾಗಾಗಿ ಪ್ರತಿ ಶನಿವಾರ ಮೆಟ್ರೋ ಹತ್ತಿ ಅವರ ಮನೆಗೆ ಹೋಗುತ್ತೇನೆ. ಸೂಜಿಯ ಮಾತು ತೆಗೆಯುತ್ತೇನೆ, ಅವರು ಬೆಂಡೆಕಾಯಿ ಬೆಲೆಯ ಮಾತು ತೆಗೆಯುತ್ತಾರೆ. ಮೊನ್ನೆಯೂ ಹಾಗೇ ಆಯಿತು. ಅವರು ಎರಡು ಲೋಟ ಮಜ್ಜಿಗೆ ತಂದು, ನನ್ನ ಮುಂದೊಂದು ಇಟ್ಟು, ಎದುರಿಗೆ ಕೂತರು. ನೀವು ಕುಡೀರಿ ಅಮ್ಮ ಎಂದೆ. ಅವರು ಲೋಟ ಮುಟ್ಟದೆ ನನ್ನನ್ನೇ ನೋಡಿದರು.

"ಸೂಜಿ ಮಾತಾಡಕ್ಕೆ ಬರ್ತೀಯ ಅಂದ್ಕೊಂಡಿದ್ದೆ," ಎಂದರು. "ಅದಲ್ಲ. ನಾನು ಏನಾದ್ರೂ ಕುಡಿಯೋಗಂಟ ನೀನು ಏಳಲ್ಲ. ಹೋದ್ವಾರ ಕಾಪಿ, ಅದರ ಹಿಂದಿನ್ವಾರ ನೀರು. ನಂಗ್ ಗೊತ್ತಾಗಲ್ವಾ?"

ಅವರು ಲೋಟ ಎತ್ತಿದರು. ಒಂದೇ ಸಮನೆ, ಕಣ್ಣು ನನ್ನ ಮೇಲೇ ಇಟ್ಟು, ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ಖಾಲಿ ಲೋಟವನ್ನು ನನ್ನ ಕಡೆ ವಾಲಿಸಿ ತೋರಿಸಿದರು.

"ಇಳೀತಾ? ನೋಡ್ಕೊಂಡ್ಯಾ?"

ತಲೆಯಾಡಿಸಿದೆ. ಎದ್ದು ಹೊರಡಲು ಬ್ಯಾಗಿಗೆ ಕೈ ಹಾಕಿದೆ.

"ಕೂತ್ಕೊ. ನಿಂದು ಹಂಗೇ ಐತೆ," ಎಂದರು ಲಕ್ಷ್ಮಮ್ಮ. "ನಿನ್ ಮಕದ್ ಮ್ಯಾಲೂ ಬಿದ್ದಿತ್ತಲ್ಲ ತಾಯಿ ಅವತ್ತು. ನಾನೂ ವಾರವಾರ ನಿನ್ನ ನೋಡ್ಕೊಂಡೇ ಕಳಿಸ್ತಿರೋದು. ಕುಡಿ."

ಲೋಟ ಎತ್ತಿದೆ. ನಾನು ಎಲ್ಲ ಸೂಜಿಗಳನ್ನೂ ಹಾಕಿಸಿಕೊಂಡವಳು. ಅದು ನನಗೆ ಗೊತ್ತಿತ್ತು, ನನ್ನ ಗಂಟಲಿಗೆ ಗೊತ್ತಿರಲಿಲ್ಲ. ಮೊದಲ ಗುಟುಕು ಬಾಯಲ್ಲೇ ನಿಂತಿತು. ಲಕ್ಷ್ಮಮ್ಮ ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ ನನ್ನ ಕೊರಳನ್ನೇ ನೋಡುತ್ತ ಕೂತರು.